ಒಗ್ಗರಣೆ ಸ್ವಲ್ಪ ದಿನ ಬೇಡ ಕಣ್ರೀ

ಏನ್ರೀ, ಬೆಳಗ್ಗೆ ಬೆಳಗ್ಗೇನೇ ಬೆಳ್ಳುಳ್ಳಿ ಒಗ್ಗರಣೆ! ನಮ್ಮ ಸಿದ್ದಾಪುರದ ಮನೆಗಳು ಗೋಡೆಗೆ ಗೋಡೆ ತಾಗಿಕೊಂಡಿವೆ, ಘಮ ಕಾಂಪೌಂಡ್ ದಾಟಿ ನಮ್ಮ ಅಡುಗೆಮನೆಗೂ ಬಂತು. ಅದೇ ಹೊತ್ತಿಗೆ ನಿಮ್ಮ ಸೊಸೆ ಬಾಯಿಗೆ ದುಪಟ್ಟಾ ಒತ್ಕೊಂಡು ಹಿತ್ತಲಿಗೆ ಓಡಿಬಂದಳು, ಪಾಪ. ಎಷ್ಟನೇ ವಾರ? ಎಂಟಾ? ಹಾಗಾದ್ರೆ ಬಸುರಿಯ ಈ ವಾಕರಿಕೆ ಇನ್ನೊಂದೆರಡು ವಾರ ಜಾಸ್ತೀನೇ ಇರತ್ತೆ. ಐದಾರನೇ ವಾರಕ್ಕೆ ಶುರುವಾಗಿ, ಒಂಬತ್ತು-ಹತ್ತರ ಹೊತ್ತಿಗೆ ಏರಿ, ಮೂರು ತಿಂಗಳು ಕಳೀತಿದ್ದ ಹಾಗೆ ಸುಮಾರು ಜನಕ್ಕೆ ಇಳಿಯತ್ತೆ. ಕೆಲವರಿಗೆ ಐದು ತಿಂಗಳವರೆಗೂ ಎಳೆಯತ್ತೆ.

"ನನಗೇನೂ ಆಗಿರಲಿಲ್ಲ, ಇವಳದ್ದೇ ಜಾಸ್ತಿ" ಅನ್ನಬೇಡ್ರೀ. ಅಮೆರಿಕದಲ್ಲಿ ಮಾರ್ಲೀನಾ ಫೆಜ್ಜೊ ಅಂತ ಒಬ್ಬರು ವಿಜ್ಞಾನಿ ಇದ್ದಾರೆ. 1999ರಲ್ಲಿ ಬಸುರಿಯಾಗಿದ್ದಾಗ ವಾಂತಿ ನಿಲ್ಲದೆ ನೀರೂ ಗಂಟಲಲ್ಲಿ ಇಳೀತಿರಲಿಲ್ಲ. ಡಾಕ್ಟರು, ಮನೆಯವರ ಗಮನ ಸೆಳೆಯೋಕೆ ಹೀಗೆ ಮಾಡ್ತಿದ್ದೀಯ ಅಂದರಂತೆ. ಕೊನೆಗೆ ಮಗು ಉಳೀಲಿಲ್ಲ. ಆಮೇಲೆ ಆ ಹೆಣ್ಣುಮಗಳು ಇದರ ಕಾರಣ ಹುಡುಕೋದನ್ನೇ ಜೀವನದ ಕೆಲಸ ಮಾಡ್ಕೊಂಡರು. ಕೇಂಬ್ರಿಡ್ಜಿನವರ ಜೊತೆ ಸೇರಿ 2023ರ ಡಿಸೆಂಬರಲ್ಲಿ 'ನೇಚರ್' ಪತ್ರಿಕೇಲಿ ಅದನ್ನ ಪ್ರಕಟಿಸಿದರು. ಬಸುರಿಯ ರಕ್ತದಲ್ಲಿ ಜಿಡಿಎಫ್-15 ಅನ್ನೋ ಹಾರ್ಮೋನು ಏರತ್ತೆ, ಅದು ಬಹುಪಾಲು ಮಗುವಿನ ಕಡೆಯಿಂದ, ಮಾಸಿನಿಂದ ಬರೋದು. ಬಸುರಾಗೋಕೆ ಮುಂಚೆ ಯಾರ ಮೈಯಲ್ಲಿ ಅದು ಕಡಿಮೆ ಇತ್ತೋ ಅವರಿಗೆ ಹೊಡೆತ ಜಾಸ್ತಿ. ಥಲಸ್ಸೀಮಿಯಾ ಅನ್ನೋ ರಕ್ತದ ಕಾಯಿಲೆ ಇರೋ ಹೆಂಗಸರಲ್ಲಿ ಮೊದಲಿಂದಲೇ ಅದು ಹೆಚ್ಚಿರತ್ತೆ, ಅವರಿಗೆ ಈ ವಾಕರಿಕೆ ಅಷ್ಟಾಗಿ ಕಾಡೋದೇ ಇಲ್ಲ. ನೀವು ಗಟ್ಟಿ, ಸೊಸೆ ನಾಜೂಕು ಅನ್ನೋ ಮಾತೇ ಇದರಲ್ಲಿಲ್ಲ. ಮೈ ಹಾಗಿದೆ, ಅಷ್ಟೇ.

ನೀವು ಮೊದಲು ಮಾಡಬೇಕಾದ್ದು, ಅವಳನ್ನ ಅಡುಗೆಮನೆಯಿಂದ ಬಿಡಿಸಿ. ಮಗನಿಗೂ ಹೇಳಿ, ಸಾರು ಕುದಿಸೋಕೆ ಅವನಿಗೂ ಬರಲಿ. ಬಿಸಿ ಅಡುಗೆಗೆ ವಾಸನೆ ಜಾಸ್ತಿ. ತಣ್ಣಗಿನ ಮೊಸರನ್ನ, ಒಂದೆರಡು ಇಡ್ಲಿ ಬೇಕಾದ್ರೆ ಒಳಗೆ ಹೋಗತ್ತೆ. ರಾತ್ರಿ ಮಲಗೋವಾಗ ದಿಂಬಿನ ಪಕ್ಕ ಒಂದು ಡಬ್ಬೀಲಿ ಕಡ್ಲೆಪುರಿನೋ ರಸ್ಕೋ ಇಟ್ಟುಬಿಡಿ. ಎದ್ದ ತಕ್ಷಣ ಕಾಲು ಕೆಳಗಿಡದೆ ನಾಲ್ಕು ಕಾಳು ಅಗಿದು, ಸ್ವಲ್ಪ ಹೊತ್ತು ಹಾಗೇ ಕೂತಿದ್ದು ಆಮೇಲೆ ಏಳಲಿ. ಖಾಲಿ ಹೊಟ್ಟೆ ಬಿಟ್ಟಷ್ಟೂ ಸಂಕಟ ಜಾಸ್ತಿ, ಹಾಗಂತ ಒಂದೇ ಸಲ ತಟ್ಟೆ ತುಂಬ ಬಡಿಸಿದರೂ ನಿಲ್ಲಲ್ಲ. ನೀರನ್ನ ಊಟದ ಜೊತೆ ಬೇಡ, ಮಧ್ಯೆ ಮಧ್ಯೆ ಗುಟುಕು ಗುಟುಕಾಗಿ ಕುಡೀಲಿ. ಶುಂಠಿ ಜಜ್ಜಿ ಹಾಕಿದ ಮಜ್ಜಿಗೆ, ಶುಂಠಿ ತಂಬುಳಿ ಕೊಟ್ಟು ನೋಡಿ. ವಾಕರಿಕೆ ಸ್ವಲ್ಪ ತಗ್ಗತ್ತೆ, ಪೂರ್ತಿ ಹೋಗತ್ತೆ ಅಂತ ನಾನು ಹೇಳಲ್ಲ. ವಾಂತಿ ಆದ ಕೂಡಲೆ ಹಲ್ಲುಜ್ಜಬಾರದು, ಬರೀ ನೀರಲ್ಲಿ ಮುಕ್ಕಳಿಸಲಿ. ಹೊಟ್ಟೆಯ ಹುಳಿ ಹಲ್ಲಿನ ಮೇಲಿರುವಾಗ ಉಜ್ಜಿದರೆ ಹಲ್ಲು ಸವೆಯತ್ತೆ. ಸಂಜೆ ಮೈ ಹಗುರ ಅನ್ನಿಸಿದರೆ ಸಿದ್ದಾಪುರ ಗೇಟಿಂದ ಲಾಲ್‌ಬಾಗ್ ಒಳಗೆ ಒಂದು ಸುತ್ತು ಕರ್ಕೊಂಡು ಹೋಗಿ, ತಂಪು ಗಾಳಿಗೆ ಎಷ್ಟೋ ಹಾಯೆನಿಸತ್ತೆ.

ಇನ್ನು ಮಾತ್ರೆ. ಹೆದರ್ತೀರಿ, ಗೊತ್ತು. ಆ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. ಪಶ್ಚಿಮ ಜರ್ಮನಿಯಲ್ಲಿ 1957ರಿಂದ ಮಾರಾಟಕ್ಕೆ ಬಂದ ಥಾಲಿಡೊಮೈಡನ್ನ ಬಸುರಿಯರ ವಾಕರಿಕೆಗೂ ಕೊಟ್ಟರು. ಕೈಕಾಲು ಬೆಳೆಯದ ಸಾವಿರಾರು ಮಕ್ಕಳು ಹುಟ್ಟಿದ ಮೇಲೆ, 1961ರಲ್ಲಿ ವಾಪಸ್ ತಗೊಂಡರು. ಆದರೆ ಈಗ ಡಾಕ್ಟರು ಬರೆಯೋದು ಅದಲ್ಲ ಕಣ್ರೀ. ಡಾಕ್ಸಿಲಮೀನ್ ಜೊತೆ ವಿಟಮಿನ್ ಬಿ6 ಸೇರಿಸಿದ ಮಾತ್ರೆ ಬೇರೇನೇ. ಅದನ್ನೂ ಅಮೆರಿಕದಲ್ಲಿ ಕೋರ್ಟ್ ಕೇಸುಗಳಿಗೆ ಹೆದರಿ 1983ರಲ್ಲಿ ಕಂಪನಿ ನಿಲ್ಲಿಸಿಬಿಟ್ಟಿತ್ತು. ಮಕ್ಕಳಿಗೆ ತೊಂದರೆ ಅನ್ನೋದಕ್ಕೆ ಪುರಾವೆ ಸಿಗಲೇ ಇಲ್ಲ. ವಾಂತಿಗೆ ಆಸ್ಪತ್ರೆ ಸೇರೋ ಬಸುರಿಯರು ಮಾತ್ರ ಜಾಸ್ತಿಯಾದರು. 2013ರಲ್ಲಿ ಮತ್ತೆ ಒಪ್ಪಿಗೆ ಕೊಟ್ಟರು. ಸ್ವಲ್ಪ ನಿದ್ದೆ ಬರಿಸತ್ತೆ, ಅದಕ್ಕೇ ಸಾಮಾನ್ಯವಾಗಿ ರಾತ್ರಿ ಹೊತ್ತು ಕೊಡೋದು. ಅಂಗಡೀಲಿ ನೀವೇ ಕೇಳಿ ತರಬೇಡಿ, ಡಾಕ್ಟರನ್ನ ಕೇಳಿ. ಕಬ್ಬಿಣದ ಮಾತ್ರೆ ಈಗಲೇ ನುಂಗ್ತಿದ್ದಾಳಾ? ಅದೂ ಸಂಕಟ ಹೆಚ್ಚಿಸತ್ತೆ. ಸಾಮಾನ್ಯವಾಗಿ ಮೂರು ತಿಂಗಳು ಕಳೆದ ಮೇಲೆ ಶುರು ಮಾಡೋದು, ಈಗ ಫೋಲಿಕ್ ಆಸಿಡ್ ತಪ್ಪಿಸದಿದ್ದರೆ ಆಯ್ತು. ಇದನ್ನೂ ಕೇಳಿ.

ಕುಡಿದ ನೀರೂ ನಿಲ್ಲದಿದ್ದರೆ, ಮೂತ್ರ ಗಾಢ ಹಳದಿಯಾಗಿದ್ದರೆ ಅಥವಾ ಅರ್ಧ ದಿನ ಆದರೂ ಹೋಗದಿದ್ದರೆ, ಎದ್ದರೆ ತಲೆ ಸುತ್ತಿದರೆ, ತೂಕ ಇಳೀತಿದ್ದರೆ, ವಾಂತೀಲಿ ರಕ್ತ ಕಂಡರೆ, ಜ್ವರ ಬಂದರೆ ಕಾಯಬೇಡಿ. ಡ್ರಿಪ್ ಹಾಕಬೇಕಾಗಬಹುದು. ಇಲ್ಲಿಂದ ಜಯನಗರ ಜನರಲ್ ಆಸ್ಪತ್ರೆಗೆ ದೂರ ಏನಿಲ್ಲ. ರಾತ್ರಿ ಎಷ್ಟು ಹೊತ್ತಾದರೂ ಸರಿ, ಗೋಡೆ ಮೇಲಿಂದ ಒಂದು ಕೂಗು ಹಾಕಿ, ನನ್ನ ಮಗ ಆಟೋ ಹಿಡೀತಾನೆ, ನಾನೂ ಬರ್ತೀನಿ. ತಾಯಿ ಕಾರ್ಡು ಮಾಡಿಸಿದ್ದೀರಾ? ಇಲ್ವಾ? ನಾಳೆ ಆಶಾ ಕಾರ್ಯಕರ್ತೆ ನಮ್ಮ ಬೀದಿಗೆ ಬರ್ತಾರೆ, ನಿಮ್ಮನೆ ಕಡೆಗೂ ಕಳಿಸ್ತೀನಿ.