ಹಾಲು ಬಿಟ್ಟೆ, ಶೇಂಗಾ ಬಿಡಲಿಲ್ಲ

ಉದಗೀರದ ಮೊಂಢಾದಲ್ಲಿ, ಅಂದರೆ ಕಾಳುಕಡಿಯ ಪೇಟೆಯಲ್ಲಿ, ಮನುಷ್ಯರನ್ನು ತೂಗುವ ಪದ್ಧತಿಯಿಲ್ಲ. ಅಲ್ಲಿಯ ಕಾಟಾ ಇರುವುದು ಸೋಯಾಬೀನು, ತೊಗರಿ, ಕಡಲೆಗೆ. ಆದರೆ ಮನೆಯಲ್ಲಿರುವ ತೂಕದ ಯಂತ್ರದ ಮುಳ್ಳು ಇತ್ತೀಚೆಗೆ ನನ್ನನ್ನು ಹತ್ತಿಸಿಕೊಂಡ ಕೂಡಲೇ ಗಡಗಡ ನಡುಗಿ, ಯಾವ ಅಂಕಿಗೂ ನಿಲ್ಲದೆ ಮುನಿಸಿಕೊಳ್ಳುತ್ತಿತ್ತು. ಹೀಗಾಗಿ ಒಂದು ಮುಂಜಾನೆ ಗೆಳೆಯನ ಅಡತ್ ಅಂಗಡಿಗೆ ಹೋಗಿ, ಚಪ್ಪಲಿ ಬಿಟ್ಟು ಕಾಟಾದ ಮೇಲೆ ನಿಂತೆ. ಹಮಾಲ ಮುಖದ ಒಂದು ಗೆರೆಯನ್ನೂ ಅಲುಗಿಸದೆ ಓದಿದ.

“ತೊಂಬತ್ನಾಕು. ಸಾಹೇಬ್ರು ಕ್ವಿಂಟಲ್‌ಕ್ಕ ಆರು ಕಮ್ಮಿ ಅದಾರ್ರಿ.”

ಗೆಳೆಯ ಗಲ್ಲೆಯ ಹಿಂದಿನಿಂದಲೇ ಕೂಗಿದ: “ತೇವ ಎಷ್ಟದ ನೋಡೋ. ಹನ್ನೆರಡರ ಮ್ಯಾಲಿದ್ರ ಕಡತಾ ಹಿಡಿ.”

ಸೋಯಾಬೀನಿನಲ್ಲಿ ನೂರಕ್ಕೆ 12ಕ್ಕಿಂತ ಹೆಚ್ಚು ತೇವವಿದ್ದರೆ ದರ ಇಳಿಯುತ್ತದೆ. ನನ್ನ ದರ ನಿವೃತ್ತಿಯಾದ ದಿನವೇ ಇಳಿದಿತ್ತು. ಇನ್ನು ತೂಕ ಇಳಿಸಿರಿ ಎಂದು ಡಾಕ್ಟರರು ಹೇಳಿದ್ದರು. ಎಷ್ಟು ಎಂದು ಕೇಳಿದ್ದಕ್ಕೆ, “ಹನ್ನೆರಡು ಕಿಲೋ ಇಳಿದರೆ ಮೊಣಕಾಲು ನಿಮ್ಮ ಮಾತು ಕೇಳ್ತಾವ” ಎಂದರು. ಮನೆಯಲ್ಲಿ ಯಾರೂ ನನ್ನ ಮಾತು ಕೇಳದಿರುವಾಗ ಮೊಣಕಾಲಾದರೂ ಕೇಳಲಿ ಎಂಬ ಆಸೆ ಹುಟ್ಟಿತು.

ಪುಣೆಯಲ್ಲಿರುವ ಮಗಳಿಗೆ ಫೋನ್ ಮಾಡಿದೆ. “ಅಪ್ಪಾ, ವೀಗನ್ ಆಗಿಬಿಡು. ಹಾಲು, ಮೊಸರು, ತುಪ್ಪ, ಜೇನು ಏನೂ ಮುಟ್ಟಬ್ಯಾಡ. ಮೈ ಹಗೂರ ಆಗ್ತದ” ಎಂದಳು. ಅಡುಗೆಮನೆಯಿಂದ ಹೆಂಡತಿಯ ಧ್ವನಿ ಬಂತು: “ಈ ವಯಸ್ಸಿನಾಗ ವ್ಯಾಗನ್ ಯಾಕ್ರೀ? ಇದ್ದ ಸ್ಕೂಟರೇ ಹೊಡೀಲಿಕ್ಕೆ ಬರಲ್ಲ.” ಉದಗೀರ ಸ್ಟೇಷನ್ನಿನಲ್ಲಿ ಮಾಲಗಾಡಿ ನೋಡುತ್ತ ಬೆಳೆದ ನನಗೂ ಅಲ್ಲಿಯ ತನಕ ಅದೊಂದೇ ವ್ಯಾಗನ್ ಗೊತ್ತಿತ್ತು. ಅದಕ್ಕೂ ನನಗೂ ಹೋಲಿಕೆಯೇನೂ ಕಡಿಮೆಯಿರಲಿಲ್ಲ. ಇಬ್ಬರೂ ತುಂಬಿಕೊಂಡು ನಿಲ್ಲುವವರು, ಎಳೆಯಲು ಬೇರೆಯವರು ಬೇಕು.

ಮಗಳು ಬಿಡಿಸಿ ಹೇಳಿದಳು. ಡೊನಾಲ್ಡ್ ವಾಟ್ಸನ್ ಎಂಬ ಇಂಗ್ಲಿಷ್ ಮನುಷ್ಯ 1944ರಲ್ಲಿ, ಶಾಕಾಹಾರಿ ಎಂಬುದಕ್ಕಿರುವ ಇಂಗ್ಲಿಷ್ ಪದದ ತಲೆ ಮತ್ತು ಬಾಲ ಇಟ್ಟುಕೊಂಡು, ನಡುವಿನ ಹೊಟ್ಟೆ ತೆಗೆದು ಈ ಹೆಸರು ಮಾಡಿದನಂತೆ. ಹೊಟ್ಟೆ ಕರಗಿಸಿಯೇ ಹುಟ್ಟಿದ ಪದ ಎಂದಮೇಲೆ ನಂಬಿಕೆ ಬಂತು. 1994ರಿಂದ ನವೆಂಬರ್ 1 ವಿಶ್ವ ವೀಗನ್ ದಿನವೆಂದಾಗ ಶುಭಮುಹೂರ್ತವೇ ಸಿಕ್ಕಂತಾಯಿತು.

ಏಕೆಂದರೆ ನಮ್ಮ ಕಡೆ ನವೆಂಬರ್ 1ಕ್ಕೆ ಬೇರೆಯೇ ತೂಕವಿದೆ. 1956ರಲ್ಲಿ ಅದೇ ದಿನ ರಾಜ್ಯಗಳನ್ನು ಹೊಸದಾಗಿ ವಿಂಗಡಿಸುವಾಗ ನಮ್ಮ ಮೇಲೆ ಗೆರೆ ಎಳೆದರು. ಉದಗೀರ, ನಿಲಂಗಾ ಅಲ್ಲಿಯ ತನಕ ಹೈದರಾಬಾದ ರಾಜ್ಯದ ಬೀದರ ಜಿಲ್ಲೆಯವು. ನಮ್ಮ ಅಜ್ಜ ಹಿಂದಿನ ರಾತ್ರಿ ಮಲಗಿದ್ದು ಬೀದರ ಜಿಲ್ಲೆಯಲ್ಲಿ, ಎದ್ದದ್ದು ಉಸ್ಮಾನಾಬಾದ (ಈಗಿನ ಧಾರಾಶಿವ) ಜಿಲ್ಲೆಯಲ್ಲಿ; ಕಂಬಳಿ ಮಾತ್ರ ಅದೇ. 1982ರಲ್ಲಿ ಲಾತೂರ ಜಿಲ್ಲೆಯಾದಾಗ ನಮ್ಮಪ್ಪನೂ ಮನೆಯಿಂದ ಹೊರಬೀಳದೆಯೇ ಇನ್ನೊಂದು ಜಿಲ್ಲೆ ಕಂಡ. ಮನೆಯಲ್ಲಿ ಕನ್ನಡ, ಬಜಾರದಲ್ಲಿ ಮರಾಠಿ, ಜಗಳಕ್ಕೆ ದಖನಿ ಎಂಬ ನಮ್ಮ ವ್ಯವಸ್ಥೆ ಯಾವ ಗೆರೆಗೂ ಅಂಜಲಿಲ್ಲ. ನಾವು ರೊಟ್ಟಿ ಎನ್ನುತ್ತೇವೆ, ಪಕ್ಕದ ಮನೆಯವರು ಭಾಕರಿ ಎನ್ನುತ್ತಾರೆ. ಹಿಟ್ಟು ಒಂದೇ ಗಿರಣಿಯದು. ಇಷ್ಟು ಗೆರೆ ಕಂಡ ಮನೆತನದವನು ತಾಟಿನ ನಡುವೆ ಒಂದು ಗೆರೆ ಎಳೆದುಕೊಳ್ಳುವುದು ಯಾವ ದೊಡ್ಡ ಮಾತು ಎಂದುಕೊಂಡೆ.

ಮಾಂಸ ಬಿಡುವ ಕಷ್ಟ ನಮ್ಮ ಲಿಂಗಾಯತ ಮನೆಯಲ್ಲಿರಲಿಲ್ಲ. ಅರ್ಧ ದಾರಿ ಹುಟ್ಟುವಾಗಲೇ ನಡೆದಾಗಿತ್ತು. ಉಳಿದರ್ಧದಲ್ಲಿ ಆಕಳು ಅಡ್ಡ ನಿಂತಿತ್ತು. ಅದೂ ಸಾಮಾನ್ಯ ಆಕಳಲ್ಲ, ದೇವಣಿ ಆಕಳು. ದೇವಣಿ ನಮಗೆ ನೆರೆಯ ಊರು. ಅದರ ಹೆಸರು ಹೊತ್ತ ತಳಿ ಹಾಲಿಗೂ ಸೈ, ನೇಗಿಲಿಗೂ ಸೈ. ಮೈಬಣ್ಣ ನೋಡಿ ವಾನ್ನೇರಾ, ಬಾಲಂಕ್ಯಾ, ಶೇವರಾ ಎಂದು ಹೆಸರು ಹೇಳುವ ಹಿರಿಯರು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಇಂಥ ಸೀಮೆಯಲ್ಲಿ ಹಾಲು ಬಿಟ್ಟೆ ಎನ್ನುವುದು ಸಮುದ್ರದ ದಂಡೆಯಲ್ಲಿ ಕುಳಿತು ಉಪ್ಪು ಬಿಟ್ಟಂತೆ. ಮೊದಲ ದಿನ ಕೋರಾ ಚಹಾ ಕುಡಿಯುತ್ತ ಕಟ್ಟೆಯ ಮೇಲೆ ಕುಳಿತಿದ್ದೆ. ಹಾದುಹೋದ ಮೂವರು “ಹಾಲಿನವ ಬರಲಿಲ್ಲೇನ್ರಿ?” ಎಂದು ಕನಿಕರಪಟ್ಟರು. ನಾಲ್ಕನೆಯವರು ಮನೆಯಿಂದ ಒಂದು ತಂಬಿಗೆ ಹಾಲನ್ನೇ ಕಳಿಸಿಕೊಟ್ಟರು.

ಹಾಲಿನ ಬದಲಿಗೆ ಮಗಳು ಸೋಯಾ ಹಾಲಿನ ಡಬ್ಬಿ ಕಳಿಸಿದಳು. ನಮ್ಮ ಸುತ್ತ ಹದಿನಾರು ದಿಕ್ಕಿಗೂ ಸೋಯಾಬೀನು. ಅದು ಎಲ್ಲೋ ಹೋಗಿ, ಹಾಲಾಗಿ, ಕಾಗದದ ಅಂಗಿ ತೊಟ್ಟು ಪುಣೆಯಿಂದ ಬಂದಿತ್ತು. ಗೆಳೆಯನಿಗೆ ಹೇಳಿದರೆ ನಕ್ಕ: “ಸೋಯಾಬೀನ್ ಮಿಲ್ಲಿಗೆ ಹೋಗ್ತದ, ಎಣ್ಣಿ ತೆಗೀತಾರ, ಹಿಂಡಿ ದನಕ್ಕ ಹಾಕ್ತಾರ, ದನ ಹಾಲ ಕೊಡ್ತದ. ಈಗ ನೀ ನಡುವಿನ ಎಮ್ಮಿ ತೆಗೆದು ಅದರ ಕೆಲಸಾ ನೀನೇ ಮಾಡ್ಲತ್ತೀ.”

ಬಿ-12 ಗುಳಿಗೆ ತೆಗೆದುಕೊಳ್ಳಿರಿ, ಅದು ಗಿಡಗಳಲ್ಲಿ ಸಿಗುವುದಿಲ್ಲ ಎಂದು ಡಾಕ್ಟರರು ಎಚ್ಚರಿಸಿದ್ದರು. “ಗುಳಿಗಿ ನುಂಗಿ ಉಣ್ಣೋದು ಎಂಥಾ ಊಟ್ರಿ?” ಎಂದು ಇವಳು ಕೇಳಿದಳು. ಕೇಳುತ್ತಲೇ ತಾಟಿಗೆ ಶೇಂಗಾದ ಹಿಂಡಿ ಹಾಕಿ, ನಡುವೆ ಕುಣಿ ಮಾಡಿ ಎಣ್ಣೆ ಸುರಿದಳು. ಮೊಸರಿಲ್ಲದೆ ರೊಟ್ಟಿ ಗಂಟಲಲ್ಲಿ ಇಳಿಯಬೇಕಲ್ಲ, ಅದಕ್ಕೆ. ಎಣ್ಣೆಯಲ್ಲಿ ಪ್ರಾಣಿ ಇಲ್ಲ, ಶೇಂಗಾದಲ್ಲಿ ಪ್ರಾಣಿ ಇಲ್ಲ. ನಿಯಮ ಅಕ್ಷರಶಃ ಪಾಲನೆಯಾಯಿತು. ನಾನು ಎರಡರ ಬದಲಿಗೆ ನಾಲ್ಕು ರೊಟ್ಟಿ ಉಂಡು, ಆಕಳಿಗೆ ಉಪಕಾರ ಮಾಡಿದ ಹೆಮ್ಮೆಯಲ್ಲಿ ಮಲಗಿದೆ.

ಅದೇ ವಾರ ನಿಲಂಗಾದ ಮಾವನ ಮನೆಗೆ ಹೋಗಬೇಕಾಯಿತು. ಹೆಂಡತಿಯ ತಮ್ಮನಿಗೆ ಸುದ್ದಿ ಮೊದಲೇ ಮುಟ್ಟಿತ್ತು. “ದಾಜಿ, ನಿಮಗ ನಮ್ಮೂರ ಛಲೋ. ಇಲ್ಲಿ ಎಲ್ಲಾ ವೀಗನ್ನೇ” ಎಂದು ಮುಂಜಾನೆಯೇ ಗಾಡಿಯ ಮುಂದೆ ಕರೆದೊಯ್ದ. ನಿಲಂಗಾ ರೈಸ್ ಎಂಬುದು ಆ ಊರ ಹೆಸರನ್ನು ಹೊತ್ತುಕೊಂಡು ಪುಣೆಯವರೆಗೂ ಹೋಗಿರುವ ಖಾರದ ಮಸಾಲೆ ಅನ್ನ. ಅದರಲ್ಲಿ ಹಾಲಿಲ್ಲ, ತುಪ್ಪವಿಲ್ಲ. ಎಣ್ಣೆ ಎಷ್ಟಿದೆ ಎಂದು ಕೇಳುವುದು ಆ ಊರಲ್ಲಿ ಸಭ್ಯತೆಯಲ್ಲ. ಮಧ್ಯಾಹ್ನ ಅದೇ ತಾಲೂಕಿನ ಬೋರಸುರಿಯ ತೊಗರಿಬೇಳೆ, ಪಾನಚಿಂಚೋಳಿಯ ಹುಣಸೆಹಣ್ಣು ಹಿಂಡಿದ ಸಾರು. ಈ ಎರಡಕ್ಕೂ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. “ಸರ್ಕಾರ ಸಿಕ್ಕಾ ಹೊಡದಾದ ದಾಜಿ, ಬ್ಯಾಡ ಅನಬಾರದು” ಎಂದ. ಸರ್ಕಾರದ ಮಾತಿಗೆ ಎದುರಾಡುವವನು ನಾನಲ್ಲ. ಮೂರು ಸಲ ಬಡಿಸಿಕೊಂಡೆ.

ಉಮರಗಾದ ಅಕ್ಕನದು ಇನ್ನೂ ಕಠಿಣ ಪರೀಕ್ಷೆ. ಸೋಲಾಪುರ-ಹೈದರಾಬಾದ ಹೆದ್ದಾರಿಯ ಲಾರಿಗಳ ಸದ್ದು ಕೇಳುವ ಮನೆ. ಲಾರಿ ಡ್ರೈವರನ ಹಸಿವನ್ನು ಅಳತೆಗಿಟ್ಟುಕೊಂಡೇ ಆಕೆ ಅಡುಗೆ ಮಾಡುತ್ತಾಳೆ. ಹಾಲಿಲ್ಲದ ಹುಗ್ಗಿ ಆಕೆಯಿಂದ ಆಗುವುದಿಲ್ಲ ಎಂಬ ಧೈರ್ಯದಲ್ಲಿ ನಾನು ಹೋಗಿದ್ದೆ. ಆಕೆ ಕುಸುಬಿ ನೆನೆಸಿ, ರುಬ್ಬಿ, ಅರಿವೆಯಲ್ಲಿ ಸೋಸಿ ಹಾಲು ತೆಗೆದು, ಅದರಲ್ಲಿ ಗೋದಿ ಹುಗ್ಗಿ ಕುದಿಸಿಟ್ಟಿದ್ದಳು.

“ಅವ್ವ ಮಾಡ್ತಿದ್ದಳಲ್ಲೋ ತಮ್ಮಾ, ಮರ್ತಿಯೇನು? ಎಮ್ಮಿ ಗಬ್ಬ ಇದ್ದಾಗ ಮನ್ಯಾಗ ಇದೇ ಹಾಲು.”

ಎದೆಯಲ್ಲಿ ಏನೋ ಕದಲಿತು. ವಾಟ್ಸನ್ ಇಟ್ಟ ಹೆಸರು ನಮ್ಮ ಕಿವಿಗೆ ಬೀಳುವ ಮೊದಲೇ ನಮ್ಮವ್ವ ಎಮ್ಮೆ ಬತ್ತಿದ ತಿಂಗಳುಗಳಲ್ಲಿ ವೀಗನ್ ಆಗಿ, ಎಮ್ಮೆ ಈದ ಕೂಡಲೇ ಯಾವ ಪಶ್ಚಾತ್ತಾಪವೂ ಇಲ್ಲದೆ ಗಿಣ್ಣ ಮಾಡುತ್ತಿದ್ದಳು. ಅವ್ವನ ನೆನಪಿಗೆ ಒಂದು ಬಟ್ಟಲು, ಅಕ್ಕನ ಪ್ರೀತಿಗೆ ಒಂದು, ತತ್ತ್ವಕ್ಕೊಂದು ಎಂದು ಮೂರು ಬಟ್ಟಲು ಖಾಲಿ ಮಾಡಿದೆ.

ಅಷ್ಟರಲ್ಲಿ ಎಳ್ಳ ಅಮಾವಾಸ್ಯೆ ಬಂತು. ನಮ್ಮ ಮರಾಠಿ ನೆರೆಯವರಿಗೆ ಅದು ವೇಳಾ ಅಮಾವಾಸ್ಯಾ. ಅಂದು ಲಾತೂರ, ಧಾರಾಶಿವ ಜಿಲ್ಲೆಗಳ ಊರೂರಿಗೇ ಬೀಗ ಬೀಳುತ್ತದೆ, ಎಲ್ಲರೂ ಹೊಲಕ್ಕೆ. ಜೋಳದ ಕಣಿಕೆಯ ಕೊಂಪೆ ಕಟ್ಟಿ, ಐದು ಕಲ್ಲಿಗೆ ಸುಣ್ಣ ಬಳಿದು ಪಾಂಡವರೆಂದು ಪೂಜಿಸಿ, ಭಜ್ಜಿ, ಸಜ್ಜೆ ರೊಟ್ಟಿ, ಉಂಡೆ, ಗೆಣಸು ಉಣ್ಣುವುದು. ಈ ಭಜ್ಜಿ ಕರಿದ ಬಜ್ಜಿಯಲ್ಲ. ಹೊಲದಲ್ಲಿರುವ ಹಸಿ ಕಾಳು, ಸೊಪ್ಪು, ಕಾಯಿಗಳೆಲ್ಲ ಒಂದೇ ಗಡಿಗೆಯಲ್ಲಿ ಬೆಂದು ತಮ್ಮ ತಮ್ಮ ಜಾತಿ ಮರೆತದ್ದು. ಎಲ್ಲವೂ ನನ್ನ ಗೆರೆಯ ಈಚೆಗಿತ್ತು, ಒಂದನ್ನು ಬಿಟ್ಟು: ಅಂಬಿಲ. ಹುಳಿ ಮಜ್ಜಿಗೆಗೆ ಜೋಳದ ಹಿಟ್ಟು ಕಲಸಿ, ಮಣ್ಣಿನ ಬಿಂದಿಗೆಯಲ್ಲಿಟ್ಟ ಆ ತಂಪು. ನಾನು ಬೇಡವೆಂದೆ. ಹೊಲವೇ ಸ್ತಬ್ಧವಾಯಿತು. ಭೂಮಿತಾಯಿಗೆ ಚೆಲ್ಲುವ ಅಂಬಿಲವನ್ನು ಆಕೆ ಕುಡಿಯುತ್ತಾಳೆ, ಈತ ಕುಡಿಯುವುದಿಲ್ಲ ಎಂಬಂತೆ ಎಲ್ಲರೂ ನೋಡಿದರು. ಮುಜುಗರ ಮುಚ್ಚಿಕೊಳ್ಳಲು ಇನ್ನೆರಡು ರೊಟ್ಟಿ, ನಾಲ್ಕು ಉಂಡೆ ತಿಂದೆ.

ಮರುದಿನ ಮೊಂಢಾಕ್ಕೆ ಹೋಗಿ ನಿಂತೆ. ತೊಂಬತ್ತಾರೂವರೆ. “ಸೀಜನ್ ಛಲೋ ಅದರಿ” ಎಂದ ಹಮಾಲ.

ಆ ರಾತ್ರಿ ಲೆಕ್ಕಕ್ಕೆ ಕುಳಿತೆ. ನೂರು ಗ್ರಾಂ ಆಕಳ ಹಾಲಿಗೆ ಸುಮಾರು 65 ಕ್ಯಾಲರಿ. ಅಷ್ಟೇ ಶೇಂಗಾಕ್ಕೆ 567ರ ಹತ್ತಿರ. ಶೇಂಗಾದ ಅರ್ಧದಷ್ಟು ಎಣ್ಣೆಯೇ. ಅದರ ಮೇಲೆ ಇವಳು ಸುರಿಯುವ ಎಣ್ಣೆಯ ಒಂದೊಂದು ಗ್ರಾಮಿಗೂ 9 ಕ್ಯಾಲರಿ. ತುಪ್ಪಕ್ಕೂ ಹೆಚ್ಚುಕಡಿಮೆ ಅಷ್ಟೇ. ದಿನಕ್ಕೆ ಅರ್ಧ ಲೀಟರು ಹಾಲು ಬಿಟ್ಟು ಉಳಿಸಿದ್ದು 325. ಎರಡು ಮುಷ್ಟಿ ಶೇಂಗಾದಿಂದ ಸೇರಿಸಿಕೊಂಡದ್ದು 560ಕ್ಕೂ ಮೇಲೆ; ಹೆಚ್ಚಿನ ರೊಟ್ಟಿ, ಎಣ್ಣೆಯ ಕುಣಿ ಬೇರೆ. 1956ರಲ್ಲಿ ಜಿಲ್ಲೆಯ ಹೆಸರು ಬದಲಾಗಿ ಕಂಬಳಿ ಹಾಗೇ ಉಳಿದಂತೆ, ನನ್ನ ಊಟದ ಹೆಸರು ಬದಲಾಗಿ ಹೊಟ್ಟೆ ಹಾಗೇ ಉಳಿದಿತ್ತು. ಆಕಳಿಗೆ ಇದರಿಂದ ಒಳ್ಳೆಯದೇ ಆಯಿತು. ಆದರೆ ಬೊಜ್ಜು, ಜಿಡ್ಡು ಬಂದದ್ದು ಕೆಚ್ಚಲಿನಿಂದಲೋ ಕಾಯಿಯಿಂದಲೋ ಎಂದು ದಾಖಲೆ ಕೇಳುವುದಿಲ್ಲ.

ಮರುದಿನದಿಂದ ಹಿಂಡಿ ಚಮಚಕ್ಕೆ ಇಳಿಯಿತು. ಕುಣಿ ಮುಚ್ಚಿತು. ರೊಟ್ಟಿ ಎರಡು, ಪುಂಡಿಪಲ್ಯ, ಬೇಳೆ, ಹಸಿ ಸೌತೆ, ಮೂಲಂಗಿ ಬೇಕಾದಷ್ಟು. ನಾರಿನಂಶ ಹೊಟ್ಟೆ ತುಂಬಿಸುತ್ತದೆ, ಲೆಕ್ಕ ತುಂಬಿಸುವುದಿಲ್ಲ. ಬಡಿಸುವವರಿಗೆ “ಬ್ಯಾಡ” ಎಂದರೆ ನಮ್ಮ ಕಡೆ “ಇನ್ನೊಮ್ಮೆ ಕೇಳ್ರಿ” ಎಂದೇ ಅರ್ಥ. ಆದ್ದರಿಂದ ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿಯಲು ಕಲಿತೆ. ಅಕ್ಕ ಬೆರಳ ಸಂದಿಯಿಂದಲೂ ಬಡಿಸಬಲ್ಲಳೆಂದು ಕಲಿತದ್ದು ಆಮೇಲೆ.

ಸಂಜೆ ಕೋಟೆಯ ತನಕ ನಡಿಗೆ. 1760ರಲ್ಲಿ ಇದೇ ಉದಗೀರದ ಬಯಲಲ್ಲಿ ಮರಾಠರ ಸೇನಾನಿ ಸದಾಶಿವರಾವ್ ಭಾವೂ ನಿಜಾಮನ ಸೈನ್ಯವನ್ನು ಸೋಲಿಸಿದ. ಗೆದ್ದ ಆತ ಮುಂದಿನ ಜನವರಿಯಲ್ಲಿ ಪಾಣಿಪತ್ತಿನಲ್ಲಿ ಮಣ್ಣಾದ. ಹಾಗಾಗಿ ಮೊದಲ ಎರಡು ಕಿಲೋ ಇಳಿದಾಗ ನಾನು ಯಾರಿಗೂ ಹೇಳಲಿಲ್ಲ.

ಯುಗಾದಿಯ ಮುನ್ನಾದಿನ ಮೊಂಢಾಕ್ಕೆ ಹೋದೆ. ತೊಂಬತ್ತೆರಡು. ಗೆಳೆಯ ಗಲ್ಲೆ ಬಿಟ್ಟು ಎದ್ದು ಬಂದು, ಖುಷಿಗೆ ಒಂದು ಬೊಗಸೆ ಹುರಿದ ಶೇಂಗಾ ಕೈಗೆ ಸುರಿದ. ಹತ್ತು ಕಾಳು ಎಣಿಸಿಟ್ಟುಕೊಂಡು ಉಳಿದದ್ದನ್ನು ವಾಪಸು ಕೊಟ್ಟೆ. ಅವನಿಗೆ ಕಣ್ಣೀರು ಬರುವುದೊಂದು ಬಾಕಿ.

“ನೋಡೋ, ನಾಕೂವರೆ ಕಿಲೋ ಇಳಿದಾರ!” ಎಂದು ಹಮಾಲನನ್ನು ಕರೆದ.

ಆತ ಬಂದು, ರಾಶಿಯ ಮುಂದೆ ನಿಂತಂತೆ ನನ್ನ ಮುಂದೆ ನಿಂತು, ಮೇಲಿಂದ ಕೆಳಗೆ ಒಮ್ಮೆ ಕಣ್ಣಾಡಿಸಿ ಹೇಳಿದ:

“ತೇವ ಹೋಗ್ಯದರಿ. ಕಾಳು ಹಂಗೇ ಅದ.”