ಮೊಸರಿನಲ್ಲಿ ಕಲ್ಲು ಹುಡುಕುವ ವೃತ್ತಿ

ಮೊಸರಿನಲ್ಲಿ ಕಲ್ಲು ಹುಡುಕುವುದು ಕನ್ನಡಿಗರಲ್ಲಿ ಬಹುಕಾಲದಿಂದ ದುರ್ಗುಣವೆನಿಸಿಕೊಂಡಿದ್ದರೂ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕಂಪನಿಗಳು ನೆಲೆಯೂರಿದ ಮೇಲೆ ಅದಕ್ಕೆ ತಿಂಗಳ ಸಂಬಳ, ಪಿ.ಎಫ್. ಮತ್ತು ಆಫೀಸಿನ ಕ್ಯಾಬ್ ದೊರೆಯತೊಡಗಿದವು. ಒಂದೇ ಜಾಲತಾಣವನ್ನು ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮುಂತಾದ ಬ್ರೌಸರ್‌ಗಳಲ್ಲಿಯೂ ವಿಂಡೋಸ್, ಮ್ಯಾಕ್, ಆಂಡ್ರಾಯ್ಡ್‌ಗಳಂತಹ ಕಾರ್ಯಾಚರಣಾ ವ್ಯವಸ್ಥೆಗಳಲ್ಲಿಯೂ ತೆರೆದು, ಎಲ್ಲಿ ಯಾವುದು ಕೆಟ್ಟಿದೆಯೆಂದು ವರದಿ ಮಾಡುವ ಈ ಉದ್ಯೋಗಿಯನ್ನು ಟೆಸ್ಟರ್ ಎನ್ನುತ್ತಾರೆ.

ಸಂಶಯವೇ ಇವನ ಬಂಡವಾಳ. ಇಂದಿನ ಪ್ರಮುಖ ಬ್ರೌಸರ್‌ಗಳೆಲ್ಲ ಸರ್ವರ್‌ಗೆ ತಮ್ಮ ಗುರುತು ಹೇಳುವಾಗ, ಹಳೆಯ ತಾಣಗಳೊಂದಿಗೆ ಹೊಂದಿಕೊಳ್ಳುವ ಸಲುವಾಗಿ, ‘ಮೊಜಿಲ್ಲಾ’ ಎಂಬ ಹೆಸರಿನಿಂದಲೇ ಆರಂಭಿಸುತ್ತವೆ. ಭಾರತದ ಐಫೋನ್‌ಗಳಲ್ಲಿ ಕ್ರೋಮ್ ಎಂಬ ಫಲಕ ಹೊತ್ತದ್ದು ಒಳಗೆ ಸಫಾರಿಯ ವೆಬ್‌ಕಿಟ್ ಎಂಬ, ಪುಟವನ್ನು ಚಿತ್ರಿಸುವ ಎಂಜಿನ್ನಿನಿಂದಲೇ ನಡೆಯುತ್ತದೆ. ಇಂತಹ ವೇಷಧಾರಿಗಳ ನಡುವೆ ಬದುಕುವವನು ಯಾರ ಮಾತನ್ನೂ ನಂಬದಿರುವುದು ಸಹಜ. ಮೈಕ್ರೋಸಾಫ್ಟ್ 2022ರ ಜೂನ್ 15ರಂದು ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ವಿದಾಯ ಹೇಳಿದಾಗಲೂ, ಅದರ ಆತ್ಮ ಎಡ್ಜ್ ಬ್ರೌಸರ್‌ನೊಳಗೆ ‘ಐಇ ಮೋಡ್’ ಎಂಬ ಹೆಸರಿನಲ್ಲಿ ಉಳಿದಿದೆಯೆಂದು ತಿಳಿದಿದ್ದ ಇವನು ತಿಥಿಯೂಟಕ್ಕೆ ಅವಸರಪಡಲಿಲ್ಲ.

ಇವನ ಹುಟ್ಟುವೈರಿ ಡೆವಲಪರ್. ಆತನ ಅಸ್ತ್ರ ‘ನನ್ನ ಸಿಸ್ಟಮ್‌ನಲ್ಲಿ ಸರಿಯಾಗಿಯೇ ಇದೆಯಲ್ಲ’ ಎಂಬ ಒಂದೇ ವಾಕ್ಯ. ಮ್ಯಾಕ್‌ನಲ್ಲಿ ಟ್ರ್ಯಾಕ್‌ಪ್ಯಾಡ್ ಬಳಸುವವರಿಗೆ ಸ್ಕ್ರಾಲ್‌ಬಾರ್, ಅಂದರೆ ಪುಟವನ್ನು ಸರಿಸುವ ಪಟ್ಟಿ, ಜಾಗ ಕೇಳದೆ ಪುಟದ ಮೇಲೆ ಸುಳಿದು ಮಾಯವಾಗುತ್ತದೆ. ವಿಂಡೋಸ್‌ನಲ್ಲಿ ಅದು ಸುಮಾರು 15ರಿಂದ 17 ಪಿಕ್ಸೆಲ್‌ಗಳಷ್ಟು ಅಗಲವನ್ನು ಕಬಳಿಸುವುದುಂಟು. ಅಷ್ಟು ಸಾಕು, ‘ಹಣ ಪಾವತಿಸಿ’ ಎಂಬ ಬಟನ್ ತನ್ನ ಸಾಲಿನಿಂದ ಕೆಳಕ್ಕೆ ಜಾರುತ್ತದೆ, ಟೆಸ್ಟರ್‌ನ ಮುಖ ಅರಳುತ್ತದೆ.

ಈ ಶಿಸ್ತು ಆಫೀಸಿನಲ್ಲಿಯೇ ನಿಲ್ಲುವಂಥದ್ದಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಮದುವೆಯ ಕರೆಯೋಲೆಯ ಕೊಂಡಿಯನ್ನು ನಾಲ್ಕು ಫೋನ್‌ಗಳಲ್ಲಿ ತೆರೆದು, ಹಳೆಯದೊಂದರಲ್ಲಿ ವರನ ಹೆಸರು ‘ಸೂರ್ಯ’ ಹೋಗಿ ‘ಸೂರ್‌ಯ’ ಆಗಿದೆಯೆಂದು ಸ್ಕ್ರೀನ್‌ಶಾಟ್ ಸಮೇತ ತಿಳಿಸುವವನು ಇವನೇ. ‘ನಮ್ಮ ಫೋನಿನಲ್ಲಿ ಸರಿಯಾಗಿದೆಯಲ್ಲಪ್ಪಾ’ ಎಂದು ವಧುವಿನ ತಂದೆ ಉತ್ತರಿಸಿದಾಗ, ಅವರೂ ಡೆವಲಪರ್ ಕುಲದವರೇ ಎಂದು ಇವನಿಗೆ ಖಾತ್ರಿಯಾಗುತ್ತದೆ. ಮದುವೆಯ ದಿನ, ಮೊದಲ ಪಂಕ್ತಿಯ ಮೊಸರು ಚೆನ್ನಾಗಿದ್ದ ಮಾತ್ರಕ್ಕೆ ಎರಡನೆಯ ಪಂಕ್ತಿಯದೂ ಚೆನ್ನಾಗಿರಬೇಕೆಂಬ ನಿಯಮವೇನೂ ಇಲ್ಲವಾದ್ದರಿಂದ, ಅವನು ಎರಡರಲ್ಲಿಯೂ ಕುಳಿತು ಉಣ್ಣುತ್ತಾನೆ.