ಆ ಡ್ರೈವರನ್ನು ಕೊಂದವರು ಯಾರು?

ನಮ್ಮ ಪಕ್ಕದ ಮನೆ ರಾಯರಿಗೆ ಒಂದು ಚಾಳಿ. ಯಾವ ಪುಸ್ತಕ ಕೈಗೆ ಕೊಟ್ಟರೂ ಮೊದಲು ಕೊನೇ ಪುಟ ತೆಗೆದು ಓದುತ್ತಾರೆ. ಮೂವತ್ತು ವರ್ಷ ವಿಮೆ ಕಚೇರಿಯಲ್ಲಿ ಕ್ಲೇಮಿನ ಕಾಗದಪತ್ರ ನೋಡಿ ನಿವೃತ್ತರಾದವರು. "ಸತ್ತದ್ದು ಹ್ಯಾಗೆ ಅಂತ ಮೊದಲು ಗೊತ್ತಾಗಬೇಕು ಮೇಷ್ಟ್ರೇ, ಬದುಕಿದ್ದು ಹ್ಯಾಗೆ ಅನ್ನೋದನ್ನ ಆಮೇಲೆ ನೋಡಿಕೊಂಡರಾಯಿತು" ಅಂತಾರೆ. ಇಂಥವರ ಹತ್ತಿರ ವಾದ ಮಾಡೋಕಾಗುತ್ತಾ?

ಈ ಮಳೆಗಾಲದಲ್ಲಿ ಅವರ ಮಗ ಬಂದು ಟೀವಿಗೆ ಅದೇನೋ ಸಿಕ್ಕಿಸಿ ಹೋದ. ಅವತ್ತಿನಿಂದ ರಾಯರಿಗೆ ಹಳೇ ಕಪ್ಪು-ಬಿಳುಪು ಅಮೆರಿಕನ್ ಸಿನಿಮಾಗಳ ಹುಚ್ಚು. ಗೊತ್ತಲ್ಲ, ರಾತ್ರಿ ಮನೆಯೊಳಗೂ ಟೋಪಿ ತೆಗೆಯದ ಗಂಡಸು, ಗೋಡೆ ಮೇಲೆ ಕಿಟಕಿಯ ಪಟ್ಟೆ ಪಟ್ಟೆ ನೆರಳು, ಬೆಂಕಿ ಕೇಳುವ ನೆಪದಲ್ಲಿ ಮನೆಗೇ ಬೆಂಕಿ ಇಡುವ ಹೆಂಗಸು. ಫಿಲ್ಮ್ ನ್ವಾರ್. ಅಮೆರಿಕದವರು ತೆಗೆದ ಸಿನಿಮಾಕ್ಕೆ ಫ್ರೆಂಚರು ಇಟ್ಟ ಹೆಸರು. ಯುದ್ಧ ಮುಗಿದ ಮೇಲೆ ಪ್ಯಾರಿಸ್ಸಿಗೆ ಇವೆಲ್ಲ ಒಟ್ಟಿಗೆ ಬಂದಿಳಿದಾಗ, 1946ರಲ್ಲಿ ನೀನೋ ಫ್ರಾಂಕ್ ಅನ್ನುವ ವಿಮರ್ಶಕ ಇವನ್ನು 'ಕಪ್ಪು' ಅಂತ ಕರೆದ. ಅದರ ಹಿಂದಿನ ವರ್ಷವೇ ಅಲ್ಲಿ 'ಸೆರಿ ನ್ವಾರ್' ಅಂತ ಪತ್ತೇದಾರಿ ಪುಸ್ತಕಗಳ ಮಾಲೆ ಶುರುವಾಗಿತ್ತು. ಇಟಲಿಯವರು ಇದೇ ಜಾತಿಯ ಪುಸ್ತಕಕ್ಕೆ 'ಹಳದಿ' ಅಂತಾರೆ, ಅವರ ರಟ್ಟು ಹಳದಿ ಇತ್ತಲ್ಲ, ಅದಕ್ಕೆ. ಕೊಲೆಗೆ ಬಣ್ಣ ಕೊಡೋದು ರಟ್ಟು ನೋಡಿಕೊಂಡೇ, ಅಲ್ವಾ?

ಸರಿ, ಒಂದು ಬೆಳಿಗ್ಗೆ ನಮ್ಮ ಕರಿಬೇವಿನ ಗಿಡಕ್ಕೆ ಕಾಂಪೌಂಡಿನ ಆ ಕಡೆಯಿಂದ ಕೈ ಹಾಕುತ್ತಾ ರಾಯರು ಕೇಳಿದರು: "ಈ ಸಿನಿಮಾಗಳಿಗೆಲ್ಲ ಮೂಲ ಅಂತ ಪುಸ್ತಕ ಇರಬೇಕಲ್ಲ ಮೇಷ್ಟ್ರೇ?"

ಇಲ್ಲದೆ ಏನು! ಅವರ ಕಸುಬಿಗೆ ಹೊಂದಲಿ ಅಂತ ಜೇಮ್ಸ್ ಎಂ. ಕೇನ್ ಬರೆದ 'ಡಬಲ್ ಇಂಡೆಮ್ನಿಟಿ' ತಂದುಕೊಟ್ಟೆ. ವಿಮೆ ಏಜೆಂಟನೇ ಹೀರೋ, ವಿಮೆ ಹಣವೇ ವಿಲನ್. ಮಾರನೇ ದಿನ ಏಳು ಗಂಟೆಗೇ ರಾಯರು ಹಾಜರು. "ಯಾವುದೋ ಬೇರೆ ಪುಸ್ತಕ ಕೊಟ್ಟಿದ್ದೀರಿ. ಇದರಲ್ಲಿ ಹಡಗು ಇದೆ, ಹಿಂದೆ ಶಾರ್ಕ್ ಮೀನು ಬರ್ತಾ ಇದೆ!"

ನನಗೆ ನಗು ತಡೆಯಲಿಲ್ಲ. ಎಂದಿನಂತೆ ಕೊನೇ ಪುಟಕ್ಕೆ ಹೋಗಿದ್ದಾರೆ. ಬಿಲ್ಲಿ ವೈಲ್ಡರನ 1944ರ ಸಿನಿಮಾದಲ್ಲಿ ಗುಂಡು ತಿಂದ ಏಜೆಂಟ್ ಕಚೇರಿಯ ಬಾಗಿಲಲ್ಲಿ ಕುಸಿಯುತ್ತಾನೆ. ಪುಸ್ತಕದಲ್ಲಿ ಇಬ್ಬರೂ ಹಡಗು ಹತ್ತಿ, ಸಮುದ್ರಕ್ಕೆ ಹಾರೋಣ ಅಂತ ಕಾಯುತ್ತಾ ಕೂತಿರುತ್ತಾರೆ. ಸಿನಿಮಾ ನೋಡಿದವರು ಪುಸ್ತಕ ಓದಬೇಕು ಅಂತ ನಾನು ಜೀವ ತಿನ್ನೋದು ಇದಕ್ಕೇ. ಕಥೆ ಗೊತ್ತಿದೆ ಅಂದುಕೊಂಡಿರುತ್ತೀರಿ, ಕಾಲಡಿಯ ಹಲಗೆ ಸರಿದಿರುತ್ತದೆ.

ಅಂದಹಾಗೆ ಆ ಕಥೆಗೆ ಬೀಜ ಬಿದ್ದದ್ದು ನಿಜವಾದ ಕೊಲೆಯಿಂದ. 1927ರಲ್ಲಿ ನ್ಯೂಯಾರ್ಕಿನ ರೂತ್ ಸ್ನೈಡರ್ ಅನ್ನುವವಳು ಗಂಡನ ಹೆಸರಿಗೆ ವಿಮೆ ಮಾಡಿಸಿ, ಪ್ರಿಯಕರನ ಜೊತೆ ಸೇರಿ ಅವನನ್ನೇ ಮುಗಿಸಿದಳು. ಮರುವರ್ಷ ವಿದ್ಯುತ್ ಕುರ್ಚಿ. ಒಳಗೆ ಕ್ಯಾಮೆರಾಕ್ಕೆ ಪ್ರವೇಶವಿರಲಿಲ್ಲ. ಪತ್ರಿಕೆಯ ಒಬ್ಬ ಛಾಯಾಗ್ರಾಹಕ ಪುಟ್ಟ ಕ್ಯಾಮೆರಾವನ್ನು ಕಾಲಿನ ಹರಡಿಗೆ ಕಟ್ಟಿಕೊಂಡು ಹೋಗಿ, ಪ್ಯಾಂಟು ಸ್ವಲ್ಪ ಮೇಲೆತ್ತಿ ಚಿತ್ರ ತೆಗೆದೇಬಿಟ್ಟ! ರಾಯರಿಗೆ ಕೊಲೆಗಿಂತ ಇದೇ ಹೆಚ್ಚು ಹಿಡಿಸಿತು. "ಹೊಸಲು ದಾಟುವಾಗ ಎಡವಿದ್ದರೆ?" ಅಂತ ಮೂರು ಸಲ ಕೇಳಿದರು.

ಕೇನ್‌ನ ಇನ್ನೊಂದು ಪುಸ್ತಕ 1934ರ 'ದ ಪೋಸ್ಟ್‌ಮ್ಯಾನ್ ಆಲ್ವೇಸ್ ರಿಂಗ್ಸ್ ಟ್ವೈಸ್'. ಒಂದೇ ಸಂಜೆಗೆ ಮುಗಿಯುವಷ್ಟು ತೆಳು. ಅದರಲ್ಲಿ ದುರ್ಬೀನು ಹಾಕಿ ಹುಡುಕಿದರೂ ಒಬ್ಬ ಪೋಸ್ಟ್‌ಮ್ಯಾನ್ ಸಿಗುವುದಿಲ್ಲ! ಇವನ ಗೆಳೆಯನೊಬ್ಬ ತನ್ನ ಹಸ್ತಪ್ರತಿ ಏನಾಯಿತೋ ಅಂತ ಅಂಚೆಯವನಿಗೆ ಕಾಯುತ್ತಿದ್ದನಂತೆ, ಅವನು ಯಾವಾಗಲೂ ಎರಡು ಸಲ ಗಂಟೆ ಒತ್ತುತ್ತಿದ್ದನಂತೆ. ಅಷ್ಟೇ ಕಥೆ.

ಇನ್ನು ರೇಮಂಡ್ ಚಾಂಡ್ಲರ್. ಎಣ್ಣೆ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಮಹಾಶಯ, ಎಣ್ಣೆ ಹೆಚ್ಚಾಗಿಯೇ 1932ರಲ್ಲಿ ಕೆಲಸ ಕಳೆದುಕೊಂಡ. ಆಗ ವಯಸ್ಸು ನಲವತ್ತನಾಲ್ಕು. ಹೊಟ್ಟೆಪಾಡಿಗೆ ಅಗ್ಗದ ಪತ್ರಿಕೆಗಳಿಗೆ ಕೊಲೆ ಕಥೆ ಬರೆಯಲು ಕೂತ. ಮೊದಲ ಕಾದಂಬರಿ 'ದ ಬಿಗ್ ಸ್ಲೀಪ್' ಬರುವಷ್ಟರಲ್ಲಿ ಐವತ್ತು ದಾಟಿತ್ತು. ಕೇನ್‌ನ ಕಥೆಗೆ ವೈಲ್ಡರನ ಜೊತೆ ಕೂತು ಚಿತ್ರಕಥೆ ಬರೆದವನೂ ಇವನೇ. ಇಬ್ಬರಿಗೂ ಎಣ್ಣೆ-ಸೀಗೇಕಾಯಿ. ವೈಲ್ಡರ್ ಮೂಗಿನ ಮುಂದೆ ಬೆತ್ತ ಆಡಿಸುತ್ತಾನೆ ಅಂತ ಚಾಂಡ್ಲರ್ ಕಂಪನಿಗೆ ದೂರು ಕೊಟ್ಟಿದ್ದನಂತೆ. ಪ್ರೈಮರಿ ಸ್ಕೂಲಿನಲ್ಲಿ ನನ್ನ ಹತ್ತಿರ ಬರುತ್ತಿದ್ದ ದೂರುಗಳೂ ಹೀಗೇ ಇರುತ್ತಿದ್ದವು. ಆದರೆ ಸಿನಿಮಾ ನೋಡುವಾಗ ಒಂದು ಕಡೆ ಕಣ್ಣಿಡಿ: ಏಜೆಂಟ್ ಕಚೇರಿಯಿಂದ ಹೊರಗೆ ಬರುವಾಗ ಕನ್ನಡಕದ ಒಬ್ಬ ಪುಸ್ತಕ ಓದುತ್ತಾ ಕುರ್ಚಿಯಲ್ಲಿ ಕೂತಿರುತ್ತಾನೆ, ಒಂದು ಕ್ಷಣ ತಲೆಯೆತ್ತಿ ನೋಡುತ್ತಾನೆ. ಅವನೇ ಚಾಂಡ್ಲರ್. ಅರುವತ್ತು ವರ್ಷಕ್ಕೂ ಮೇಲೆ ಇದರ ಬಗ್ಗೆ ಯಾರೂ ಸೊಲ್ಲೆತ್ತಿರಲಿಲ್ಲ, ನೋಡಿ.

ನನ್ನ ಕೇಳಿದರೆ ಇವನನ್ನು ಓದಬೇಕಾದ್ದು ಕೊಲೆಗಾರನಿಗಾಗಿ ಅಲ್ಲ, ಮಾತಿಗಾಗಿ. ಒಳ್ಳೆ ಹರಟೆಮಲ್ಲನಿಗೆ ಪಿಸ್ತೂಲು ಕೊಟ್ಟ ಹಾಗೆ ಇರುತ್ತದೆ. ಡ್ಯಾಶಿಯಲ್ ಹ್ಯಾಮೆಟ್ ಹಾಗಲ್ಲ. ಪಿಂಕರ್ಟನ್ ಸಂಸ್ಥೆಯಲ್ಲಿ ನಿಜವಾಗಿ ಪತ್ತೇದಾರಿ ಮಾಡಿದವನು, ಮಾತು ಅಳೆದು ಸುರಿದದ್ದು. ನನಗೆ ಸ್ವಲ್ಪ ಒಗ್ಗರಣೆ ಇಲ್ಲದ ಸಾರು ಅನ್ನಿಸುತ್ತದೆ, ಆದರೂ 'ದ ಮಾಲ್ಟೀಸ್ ಫಾಲ್ಕನ್' ಬಿಡಬಾರದು. ಅದರಲ್ಲಿ ಒಂದು ಗಿಡುಗನ ಬೊಂಬೆಗೋಸ್ಕರ ಎಲ್ಲರೂ ಹೊಡೆದಾಡಿ, ಕೊನೆಗೆ ಅದು ನಕಲಿ, ಬರೀ ಸೀಸ ಅಂತಾಗುತ್ತದೆ. 2013ರಲ್ಲಿ 1941ರ ಸಿನಿಮಾದ ಅದೇ ಸೀಸದ ಬೊಂಬೆಯನ್ನು ಯಾರೋ 40 ಲಕ್ಷ ಡಾಲರಿಗೂ ಮೇಲೆ ಕೊಟ್ಟು ಹರಾಜಿನಲ್ಲಿ ಕೊಂಡುಕೊಂಡರು. ಹ್ಯಾಮೆಟ್ ಇದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ, ಅಲ್ವಾ?

ನಾನು ಚಿಕ್ಕವನಿದ್ದಾಗ ನಮ್ಮೂರ ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ ದಿನಕ್ಕೆ ಹತ್ತು ಪೈಸೆ ಕೊಟ್ಟು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಮನೆಗೆ ಕರೆತರುತ್ತಿದ್ದೆ. ಗಣಿತದ ಪುಸ್ತಕದೊಳಗೆ ಅವನಿಗೆ ವಾಸ. ಒಂದು ಸಲ ಹತ್ತನೇ ಪುಟದ ಅಂಚಿನಲ್ಲಿ ಯಾರೋ ಪುಣ್ಯಾತ್ಮ ಪೆನ್ಸಿಲಿನಲ್ಲಿ ಬರೆದಿದ್ದ: 'ಕೊಲೆಗಾರ ಡಾಕ್ಟರು.' ಹೊಟ್ಟೆ ಉರಿದುಹೋಯಿತು. ಆದರೂ ಪೂರ್ತಿ ಓದಿದೆ, ಡಾಕ್ಟರ ಒಂದೊಂದು ಕೆಮ್ಮಿಗೂ ಅನುಮಾನಪಟ್ಟುಕೊಂಡು. ಕೊನೆಗೆ ನೋಡಿದರೆ ಡಾಕ್ಟರು ಶುದ್ಧ ಸಾಧು ಪ್ರಾಣಿ! ಬರೆದವನು ಸುಳ್ಳು ಬರೆದಿದ್ದ. ಅಂಥ ಓದು ಮತ್ತೆ ಸಿಗಲಿಲ್ಲ ನನಗೆ.

ಅದೇ ರುಚಿ ಬೇಕಿದ್ದರೆ ಡೊರೊಥಿ ಬಿ. ಹ್ಯೂಸ್ ಬರೆದ 1947ರ 'ಇನ್ ಎ ಲೋನ್ಲಿ ಪ್ಲೇಸ್' ಓದಿ. ಸಿನಿಮಾದಲ್ಲಿ ಹಂಫ್ರಿ ಬೋಗಾರ್ಟ್ ಮುಂಗೋಪಿ, ಅನುಮಾನಕ್ಕೆ ಗುರಿಯಾದವನು, ಆದರೆ ನಿರಪರಾಧಿ. ಪುಸ್ತಕದಲ್ಲಿ ಅವನೇ ಕೊಲೆಗಾರ. ಅವನ ತಲೆಯೊಳಗೇ ಕೂತು ನಾವು ಬೀದಿ ತಿರುಗುತ್ತೇವೆ. ಓದಿದ ರಾತ್ರಿ ನಾನು ಎರಡು ಸಲ ಎದ್ದು ಹಿತ್ತಿಲ ಚಿಲಕ ನೋಡಿದೆ. ಪೆಟ್ರೀಷಿಯಾ ಹೈಸ್ಮಿತ್‌ಳ 'ಸ್ಟ್ರೇಂಜರ್ಸ್ ಆನ್ ಎ ಟ್ರೇನ್' ಕೂಡ ಇದೇ ಬಗೆಯದು. ಈಕೆ ಬಸವನಹುಳು ಸಾಕಿದವಳು, ಪಾರ್ಟಿಗೆ ಹೋಗುವಾಗ ವ್ಯಾನಿಟಿ ಬ್ಯಾಗಿನಲ್ಲಿ ಸೊಪ್ಪಿನ ಸಮೇತ ಒಯ್ಯುತ್ತಿದ್ದಳಂತೆ. ರಾಯರ ಮನೆಯವರಿಗೆ ಇದನ್ನು ಹೇಳಬಾರದಿತ್ತು, ಅವತ್ತಿನಿಂದ ಆ ಪುಸ್ತಕ ಅವರ ಮನೆಯ ಹೊಸಲು ದಾಟಿಲ್ಲ.

ಮತ್ತೆ ಕಾರ್ನೆಲ್ ವೂಲ್ರಿಚ್. ತಾಯಿಯ ಜೊತೆ ನ್ಯೂಯಾರ್ಕಿನ ಹೋಟೆಲ್ ಕೋಣೆಯಲ್ಲೇ ವರ್ಷಗಟ್ಟಲೆ ಕಳೆದ ಒಂಟಿ ಜೀವ. ಒಂದು ಕಾದಂಬರಿಯನ್ನು ತನ್ನ ಟೈಪ್‌ರೈಟರಿಗೂ ಅರ್ಪಿಸಿದ್ದಾನೆ, ನಂಬರ್ ಸಮೇತ! ಹಿಚ್‌ಕಾಕನ 'ರಿಯರ್ ವಿಂಡೋ' ಇವನ 1942ರ ಒಂದು ಸಣ್ಣಕತೆ. ಗ್ರೇಸ್ ಕೆಲ್ಲಿಯನ್ನು ಹುಡುಕಿದರೆ ಸಿಗುವುದಿಲ್ಲ. ಆ ಮನುಷ್ಯ ಹಗಲೂ ರಾತ್ರಿ ಕಿಟಕಿಯಲ್ಲಿ ಯಾಕೆ ಕೂತಿರುತ್ತಾನೆ, ಕಾಲಿಗೆ ಪ್ಲಾಸ್ಟರ್ ಹಾಕಿದೆ ಅನ್ನುವುದನ್ನೂ ಕೊನೆಯವರೆಗೆ ಹೇಳುವುದಿಲ್ಲ. ಪಕ್ಕದ ಮನೆ ನೋಡುವುದಕ್ಕೆ ಕಾರಣ ಬೇರೆ ಬೇಕಾ ಅಂತ ರಾಯರು ಕೇಳಿದರು. ಅದೂ ನಿಜವೇ.

"ನಮ್ಮಲ್ಲಿ ಇಂಥದ್ದು ಇಲ್ಲವಾ?" ಅಂದರು. ಬೆಂಗಳೂರಲ್ಲೇ ಹುಟ್ಟಿದ ಗುರುದತ್ತ ಇಲ್ಲವಾ? ಅವರು ನಿರ್ಮಿಸಿದ 1956ರ 'ಸಿ.ಐ.ಡಿ.'ಯ ಕತ್ತಲೆ ಬೆಳಕು ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರದು. 'ಕಾಗಜ್ ಕೆ ಫೂಲ್'ನಲ್ಲಿ ಸ್ಟುಡಿಯೋದ ಕತ್ತಲೆಯನ್ನು ಸೀಳುವ ಆ ಬೆಳಕಿನ ಕೋಲು ದೀಪದ್ದಲ್ಲ, ಹೊರಗಿನ ಬಿಸಿಲನ್ನೇ ಕನ್ನಡಿ ಹಿಡಿದು ಒಳಗೆ ತಂದದ್ದು. ಮೂರ್ತಿಯವರ ಬದುಕಿನ ಕುರಿತು ಉಮಾ ರಾವ್ ಬರೆದ ಪುಸ್ತಕದ ಹೆಸರೂ 'ಬಿಸಿಲುಕೋಲು'. ಇಂಗ್ಲಿಷ್ ಪುಸ್ತಕದ ರಾಶಿಯ ಮೇಲೆ ಅದನ್ನೂ ಇಟ್ಟುಕೊಟ್ಟೆ. ಅದನ್ನು ಮಾತ್ರ ರಾಯರು ಮೊದಲ ಪುಟದಿಂದ ಓದಿದರು, ಯಾಕೋ ಗೊತ್ತಿಲ್ಲ.

ಮೊನ್ನೆ 'ಬಿಗ್ ಸ್ಲೀಪ್' ವಾಪಸ್ ತಂದವರ ಮುಖ ಸಪ್ಪಗಿತ್ತು. "ಎಲ್ಲ ಸರಿ ಮೇಷ್ಟ್ರೇ. ಆ ಡ್ರೈವರ್ ಕಾರಿನ ಸಮೇತ ಸಮುದ್ರಕ್ಕೆ ಬಿದ್ದಿರ್ತಾನಲ್ಲ, ಅವನನ್ನ ಕೊಂದದ್ದು ಯಾರು? ಕೊನೇ ಪುಟದಲ್ಲೂ ಇಲ್ಲ, ಮೊದಲಿಂದ ಓದಿದರೂ ಇಲ್ಲ."

ಸಿನಿಮಾ ತೆಗೆಯುವಾಗ ಹೊವರ್ಡ್ ಹಾಕ್ಸ್‌ಗೂ ಇದೇ ಪೀಕಲಾಟ ಬಂತು. ಚಿತ್ರಕಥೆಗೆ ಕೂತಿದ್ದವರಲ್ಲಿ ವಿಲಿಯಂ ಫಾಕ್ನರ್ ಅಂಥವನೇ ಇದ್ದ, ಅವನಿಗೂ ಬಗೆಹರಿಯಲಿಲ್ಲ. ಕೊನೆಗೆ ಚಾಂಡ್ಲರನಿಗೇ ತಂತಿ ಹೊಡೆದು ಕೇಳಿದರು. ತನಗೂ ಗೊತ್ತಿಲ್ಲ ಅಂದುಬಿಟ್ಟ.

ರಾಯರು ಎರಡೂ ಮೊಣಕೈ ಕಾಂಪೌಂಡಿನ ಮೇಲೆ ಊರಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಪಘಾತವೋ, ಆತ್ಮಹತ್ಯೆಯೋ, ಕೊಲೆಯೋ ತಿಳಿಯದೆ ಕ್ಲೇಮ್ ಹ್ಯಾಗ್ರೀ ಪಾಸ್ ಮಾಡೋದು?"

ಸಮಾಧಾನಕ್ಕೆ ಅಂತ 'ದ ಲಾಂಗ್ ಗುಡ್‌ಬೈ' ಕೈಗಿಟ್ಟೆ. ಈ ಸಲ ನಾನೂ ಹುಷಾರಾಗಿದ್ದೆ, ಕೊನೆಯ ಹತ್ತು ಪುಟ ಒಟ್ಟುಮಾಡಿ ನಾಲ್ಕೂ ಕಡೆ ಸ್ಟೇಪ್ಲರ್ ಹೊಡೆದಿದ್ದೆ. ರಾಯರು ಪುಸ್ತಕ ತಿರುಗಿಸಿದರು, ಪಿನ್ನುಗಳನ್ನು ಬೆರಳಲ್ಲಿ ಸವರಿದರು, ಒಂದು ಮಾತೂ ಆಡದೆ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಅಡುಗೆಮನೆಯ ಕಡೆಯಿಂದ ಕೇಳಿಸಿತು:

"ಏನೇ, ಆ ಸಣ್ಣ ಚಾಕು ಎಲ್ಲಿಟ್ಟೆ?"